ದೋರು ಕಣಿವೆಯ ಕಲ್ಲುಗೋಡೆಗಳು

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆಯನ್ನು ಬೋಧಿಸಿದವನು ನಾನು. ಪ್ರತಿ ವರ್ಷವೂ ಜುಲೈ ತಿಂಗಳ ಮಳೆಯ ನಡುವೆ ಒಂದು ಪಾಠ ಬರುತ್ತಿತ್ತು: ಪೋರ್ಚುಗೀಸರು ಮೆಣಸನ್ನು ಅರಸಿ ಬಂದರು, 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದ, 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಗೆದ್ದ. ಹೆಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಮೀರಿ ಇದನ್ನು ಕೂಗಿ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಆದರೆ ಅಷ್ಟು ವರ್ಷಗಳಲ್ಲಿ ನನಗೆ ನಾನೇ ಕೇಳಿಕೊಳ್ಳದ ಪ್ರಶ್ನೆಯೊಂದಿತ್ತು. ಹಡಗು ಹತ್ತದೆ ಊರಿನಲ್ಲಿಯೇ ಉಳಿದ ಪೋರ್ಚುಗಲ್ಲಿನ ರೈತ ಏನು ಮಾಡುತ್ತಿದ್ದ? ಅವನ ಗದ್ದೆ, ತೋಟ, ಸಾಲ, ರೋಗರುಜಿನಗಳ ಕಥೆ ಏನು?

ಈ ಪ್ರಶ್ನೆಗೆ ಉತ್ತರ ದೊರೆತದ್ದು ನಿವೃತ್ತನಾಗಿ ಬಹಳ ವರ್ಷಗಳ ಮೇಲೆ, 2023ರ ಸೆಪ್ಟೆಂಬರಿನಲ್ಲಿ. ಮಗಳು ಉದ್ಯೋಗನಿಮಿತ್ತ ಪೋರ್ಟೊ ನಗರದಲ್ಲಿದ್ದಳು. "ಅಪ್ಪಾ, ನೀವು ಪಾಠ ಮಾಡಿದ ದೇಶವನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಡವೇ?" ಎಂದು ಕರೆಸಿಕೊಂಡಳು. ಅಲ್ಲಿಂದ ಪೂರ್ವಕ್ಕೆ, ದೋರು ನದಿಯ ಕಣಿವೆಗೆ, ಲೋಕಪ್ರಸಿದ್ಧವಾದ 'ಪೋರ್ಟ್ ವೈನ್' ಹುಟ್ಟುವ ಸೀಮೆಗೆ ನಾವಿಬ್ಬರೂ ಹೋದೆವು. ಮದ್ಯವನ್ನು ಮುಟ್ಟದ ಮೇಷ್ಟ್ರಿಗೆ ಮದ್ಯದ ಸೀಮೆಯಲ್ಲಿ ಏನು ಕೆಲಸ ಎಂದು ಓದುಗ ಮಿತ್ರರು ನಗಬಹುದು. ನಾನು ಕುಡಿಯಲಿಲ್ಲ, ನಿಜ. ಆದರೆ ಬರಿಗೈಯಲ್ಲಿ ಬರಲೂ ಇಲ್ಲ.

ಪೋರ್ಟೊದಿಂದ ಹೊರಟ ರೈಲು ಒಂದಿಷ್ಟು ದೂರ ಒಳನಾಡಿನಲ್ಲಿ ಸಾಗಿ, ಬಳಿಕ ನದಿಯ ದಡವನ್ನು ಹಿಡಿಯುತ್ತದೆ. ಆಮೇಲೆ ನೀರು ಒಂದು ಕೈಯಳತೆಯಲ್ಲಿಯೇ ಇರುತ್ತದೆ. ಎರಡೂವರೆ ತಾಸಿನ ಬಳಿಕ ಪಿನ್ಯಾವ್ ಎಂಬ ಪುಟ್ಟ ಊರು. ಈ ಹಳಿ ಇಲ್ಲಿಗೆ ಮುಟ್ಟಿದ್ದು 1880ರಲ್ಲಿ. ನಿಲ್ದಾಣದ ಗೋಡೆಗಳಿಗೆ 1937ರಲ್ಲಿ ನೀಲಿ ಚಿತ್ರದ ಹಂಚುಗಳನ್ನು ಹಚ್ಚಿದ್ದಾರೆ. ದ್ರಾಕ್ಷಿ ಕೊಯ್ಯುವ ಹೆಂಗಸರು, ಬುಟ್ಟಿ ಹೊತ್ತ ಗಂಡಸರು, ಪೀಪಾಯಿಗಳನ್ನು ತುಂಬಿದ ದೋಣಿಗಳು. ಅದನ್ನು ನೋಡುತ್ತ ನಿಂತಿದ್ದಾಗ ನಮ್ಮ ಮೊದಲನೆಯ ಮಾರ್ಗದರ್ಶಿ ಬಂದಳು. ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದು, ಕೃಷಿಶಾಸ್ತ್ರ ಓದಿದ ತರುಣಿ. ಇಂಗ್ಲಿಷನ್ನು ನಿಧಾನವಾಗಿ, ಸ್ಪಷ್ಟವಾಗಿ ಆಡುತ್ತಿದ್ದಳು. ನಾನು ಶಾಲಾ ಉಪಾಧ್ಯಾಯನೆಂದು ಮಗಳು ತಿಳಿಸಿದ ಕ್ಷಣದಿಂದ ಆಕೆ ನನ್ನನ್ನು 'ಪ್ರೊಫೆಸರ್' ಎಂದೇ ಕರೆದಳು. ಆ ದೇಶದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೂ ಅದೇ ಹೆಸರಂತೆ. ನನಗೆ ಸಂತೋಷವಾಗದಿರಲಿಲ್ಲ.

ಬೆಟ್ಟವನ್ನೇರುವ ಮೊದಲು ಆಕೆ ಒಂದು ಹಳೆಯ ಕಣಜದ ಬಾಗಿಲನ್ನು ತೆರೆಯಬೇಕಿತ್ತು. ಜೊತೆಗಿದ್ದವನಿಗೆ ತನ್ನ ಭಾಷೆಯಲ್ಲಿ ಏನೋ ಕೂಗಿ ಹೇಳಿದಳು. ಅದರಲ್ಲಿ 'ಶಾವೆ' ಎಂಬ ಪದ ಕಿವಿಗೆ ಬಿತ್ತು. ಅವನು ಬೀಗದ ಕೈಯನ್ನು ತಂದುಕೊಟ್ಟ. ನಾನು ಹುಟ್ಟಿದ್ದು ಶೃಂಗೇರಿಯ ಕಡೆ. ಆದರೆ ನೌಕರಿಯೆಲ್ಲ ಕರಾವಳಿಯಲ್ಲಿ. ಅಲ್ಲಿ ನಾವು 'ಚಾವಿ' ಎನ್ನುತ್ತಿದ್ದುದು ಇದನ್ನೇ ಅಲ್ಲವೇ? ಕಿಟಕಿಗೆ 'ಜನೇಲು', ಕ್ರೈಸ್ತರ ದೇವಾಲಯಕ್ಕೆ 'ಇಗರ್ಜಿ', ಅದರ ಪುರೋಹಿತನಿಗೆ 'ಪಾದ್ರಿ' ಎನ್ನುತ್ತೇವೆ ಎಂದು ಒಂದೊಂದಾಗಿ ಹೇಳಿದೆ. ಆಕೆ ಪ್ರತಿಯೊಂದಕ್ಕೂ ತನ್ನ ಭಾಷೆಯ ಮೂಲಪದವನ್ನು ಹೇಳಿ ಬೆರಗಾದಳು. ಐದುನೂರು ವರ್ಷಗಳ ಹಿಂದೆ ಹಡಗಿನಲ್ಲಿ ಬಂದಿಳಿದ ಮಾತುಗಳನ್ನು ಅವುಗಳ ತವರಿಗೆ ಒಮ್ಮೆ ಕರೆದೊಯ್ದಂತಾಯಿತು.

ದೋರು ಕಣಿವೆಯನ್ನು ಮೊದಲು ನೋಡಿದವರ ಕಣ್ಣಿಗೆ ಬೀಳುವುದು ಬಳ್ಳಿಯಲ್ಲ, ಗೋಡೆ. ನದಿಯ ಅಂಚಿನಿಂದ ಬೆಟ್ಟದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಸಾಲುಗಳು. ಗಾರೆಯಿಲ್ಲ, ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು. ಅಲ್ಲಿನ ನೆಲ ಮಣ್ಣಲ್ಲ, ಪದರಪದರವಾಗಿ ಸೀಳುವ ಬಂಡೆ. ಅದನ್ನು ಹಾರೆಯಿಂದ ಒಡೆದು, ದೊಡ್ಡ ಚೂರುಗಳಿಂದ ಗೋಡೆ ಕಟ್ಟಿ, ಸಣ್ಣ ಚೂರುಗಳನ್ನು ಅದರ ಹಿಂದೆ ತುಂಬಿ, ಮನುಷ್ಯರೇ ಮಣ್ಣನ್ನು ನಿರ್ಮಿಸಿದ್ದಾರೆ. ಸೀಳುಗಳ ಸಂದಿಯಲ್ಲಿ ಬಳ್ಳಿಯ ಬೇರು ಎಷ್ಟೋ ಆಳಕ್ಕೆ ಇಳಿದು ನೀರನ್ನು ಹುಡುಕಿಕೊಳ್ಳುತ್ತದೆ. ಪಶ್ಚಿಮದಲ್ಲಿ ಮರಾವ್ ಎಂಬ ಪರ್ವತಶ್ರೇಣಿ ಅಡ್ಡ ನಿಂತು ಸಮುದ್ರದ ಮಳೆಮೋಡಗಳನ್ನು ತಡೆಯುತ್ತದೆ. ನಮ್ಮ ಪಶ್ಚಿಮಘಟ್ಟದ ಪೂರ್ವಕ್ಕೆ ಬಯಲುಸೀಮೆ ಇರುವಂತೆಯೇ. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂದು ಅಲ್ಲಿನವರೇ ತಮ್ಮ ಊರಿನ ಹವೆಯನ್ನು ಕುರಿತು ಗಾದೆ ಕಟ್ಟಿಕೊಂಡಿದ್ದಾರೆ.

ಒಂದು ಹಳೆಯ ಗೋಡೆಯ ಮುಂದೆ ಆಕೆ ನಿಂತಳು. ಗೋಡೆಯ ಮೈಯಲ್ಲಿ ಅಲ್ಲಲ್ಲಿ ಚೌಕಾಕಾರದ ಗೂಡುಗಳಿದ್ದವು. ದೀಪವಿಡುವ ಗೂಡುಗಳೋ ಎಂದು ಕೇಳಿದೆ. ಅಲ್ಲವಂತೆ. ಹಿಂದಿನ ಕಾಲದಲ್ಲಿ ಬಳ್ಳಿಯನ್ನು ಆ ರಂಧ್ರದಲ್ಲಿ ಅಡ್ಡಡ್ಡಲಾಗಿ ನೆಟ್ಟು, ಮೇಲಿನ ಒಂದು ಗೇಣು ಸಮತಟ್ಟು ನೆಲವನ್ನು ಧಾನ್ಯ ಬೆಳೆಯಲು ಉಳಿಸಿಕೊಳ್ಳುತ್ತಿದ್ದರು. ಶ್ರೀಮಂತರ ಪಾನಕ್ಕೆ ಗೋಡೆಯ ಬಿಲ, ತಮ್ಮ ರೊಟ್ಟಿಗೆ ನೆಲ! ಬಡತನದ ಗಣಿತವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ. "ಈ ಗೋಡೆಗಳನ್ನು ಕಟ್ಟಿದವರು ಯಾರು?" ಎಂದು ಕೇಳಿದೆ. "ಇಲ್ಲಿಯ ಕೂಲಿಗಳು, ಮತ್ತು ಉತ್ತರದ ಗಲೀಸಿಯಾ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು," ಎಂದಳು. "ಅವರ ಹೆಸರು?" ಎಂದೆ. ಆಕೆ ಕೈ ಚೆಲ್ಲಿದಳು.

ಹೆಸರುಳ್ಳವರ ಚರಿತ್ರೆ ಬೇರೆಯೇ ಇದೆ. 1703ರಲ್ಲಿ ಇಂಗ್ಲೆಂಡ್ ಮತ್ತು ಪೋರ್ಚುಗಲ್ ಮೆಥುಯೆನ್ ಒಪ್ಪಂದಕ್ಕೆ ಸಹಿ ಹಾಕಿದವು. ಇಂಗ್ಲಿಷರ ಉಣ್ಣೆಬಟ್ಟೆ ಪೋರ್ಚುಗಲ್ಲಿಗೆ ಬರಬೇಕು. ಪ್ರತಿಯಾಗಿ ಪೋರ್ಚುಗಲ್ಲಿನ ದ್ರಾಕ್ಷಾರಸಕ್ಕೆ ಇಂಗ್ಲೆಂಡಿನಲ್ಲಿ ಫ್ರಾನ್ಸಿನದಕ್ಕಿಂತ ಮೂರನೆಯ ಒಂದು ಭಾಗದಷ್ಟು ಸುಂಕ ಕಡಿಮೆ. ಫ್ರಾನ್ಸಿನೊಂದಿಗೆ ಇಂಗ್ಲೆಂಡಿಗೆ ಆಗಾಗ ಯುದ್ಧವಾಗುತ್ತಿದ್ದ ಕಾಲ ಅದು. ಬೇಡಿಕೆ ಏರಿತು, ಏರಿದೊಡನೆ ಕಲಬೆರಕೆಯೂ ಬಂತು. ಬಣ್ಣ ಗಾಢವಾಗಲೆಂದು ಎಲ್ಡರ್ ಎಂಬ ಗಿಡದ ಕಪ್ಪು ಹಣ್ಣಿನ ರಸವನ್ನು ಬೆರೆಸತೊಡಗಿದರು. ಹೆಸರು ಕೆಟ್ಟಿತು, ಬೆಲೆ ಕುಸಿಯಿತು.

ಆಗ ದೇಶದ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದವನು, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಪ್ರಸಿದ್ಧನಾದ ಮಂತ್ರಿ. 1755ರ ನವೆಂಬರ್ 1ರ ಭೂಕಂಪದಲ್ಲಿ ನೆಲಕಚ್ಚಿದ ಲಿಸ್ಬನ್ ನಗರವನ್ನು ಮತ್ತೆ ಎತ್ತಿ ನಿಲ್ಲಿಸಿದವನು ಇವನೇ. 1756ರ ಸೆಪ್ಟೆಂಬರಿನಲ್ಲಿ ಇವನು ದೋರು ಸೀಮೆಯ ದ್ರಾಕ್ಷಿಗೆಂದು ಒಂದು ರಾಜಾಶ್ರಯದ ಕಂಪನಿಯನ್ನು ಸ್ಥಾಪಿಸಿ, ಉತ್ತಮ ರಸ ಬೆಳೆಯುವ ಪ್ರದೇಶ ಇಲ್ಲಿಂದ ಇಲ್ಲಿಯವರೆಗೆ ಎಂದು ಗಡಿ ಹಾಕಿಸಿದ. 1758ರಲ್ಲಿ 201, 1761ರಲ್ಲಿ 134, ಒಟ್ಟು 335 ಗ್ರಾನೈಟ್ ಕಲ್ಲುಗಳನ್ನು ನೆಡಿಸಿದ. ಎಲ್ಡರ್ ಗಿಡಗಳನ್ನು ಬೇರುಸಹಿತ ಕೀಳಿಸಿದ. ಇದಕ್ಕೆ ಮುಂಚೆ ಇಟಲಿಯ ಕಿಯಾಂತಿ, ಹಂಗೇರಿಯ ತೊಕಾಯ್ ಸೀಮೆಗಳಿಗೂ ಗಡಿ ಗೊತ್ತುಮಾಡಿದ್ದುಂಟು. ಆದರೆ ಗಡಿಯ ಜೊತೆಗೆ ಗುಣ, ಬೆಲೆ, ಪ್ರಮಾಣಗಳನ್ನೂ ಇಷ್ಟು ಬಿಗಿಯಾಗಿ ನಿಯಂತ್ರಿಸಿದ ವ್ಯವಸ್ಥೆ ಇದೇ ಮೊದಲೆನ್ನುತ್ತಾರೆ. ಇಂದು ನಾವು ಮೈಸೂರು ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಕೊಡಿಸಿಕೊಂಡಿರುವ ಭೌಗೋಳಿಕ ಸೂಚಿಕೆಯ ಹಿರಿಯಜ್ಜನೆಂದರೆ ತಪ್ಪಾಗಲಾರದು.

ಅಂತಹ ಕಲ್ಲೊಂದನ್ನು ಆಕೆ ನನಗೆ ತೋರಿಸಿದಳು. ಎದೆಯೆತ್ತರದ ಕಂಬ. ಪಾಚಿಯ ನಡುವೆ ಎರಡೇ ಸಂಗತಿ ಕೊರೆದಿತ್ತು: 'ಫೈತೊರಿಯಾ' ಎಂಬ ಪದ, ಮತ್ತು ಇಸವಿ. ಬೆರಳಿನಿಂದ ಅಕ್ಷರಗಳನ್ನು ತಡವಿದೆ. ಈ ಪದ ನನಗೆ ಹೊಸದಾಗಿರಲಿಲ್ಲ. ನಮ್ಮ ತೀರದಲ್ಲಿ ಪೋರ್ಚುಗೀಸರು ಇಟ್ಟುಕೊಂಡಿದ್ದ ವ್ಯಾಪಾರದ ಕೋಠಿಗೂ ಇದೇ ಹೆಸರು. ಇಲ್ಲಿ ಅದರ ಅರ್ಥ, ಪರದೇಶದ ವರ್ತಕರ ಕೋಠಿಗೆ ಸಲ್ಲುವಷ್ಟು ಉತ್ತಮವಾದ ರಸ ಎಂದು. ಗಡಿಕಲ್ಲಿನ ಒಳಗಿನವನದು ರಫ್ತಿಗೆ. ಹೊರಗಿನವನದು ಊರಿನ ಹೆಂಡದಂಗಡಿಗೆ. ಒಂದು ಕಲ್ಲಿನ ಆಚೆ ಈಚೆ ಎರಡು ವಿಧಿ.

"ಅವನು ನಮ್ಮನ್ನು ಉಳಿಸಿದ," ಎಂದು ತರುಣಿ ಪೊಂಬಾಲನನ್ನು ಕೊಂಡಾಡಿದಳು.

ಮರುದಿನ ನಮಗೆ ದೊರೆತ ಎರಡನೆಯ ಮಾರ್ಗದರ್ಶಿ ಎಂಬತ್ತು ದಾಟಿದ ಮುದುಕ. ತರುಣಿಯೇ ಪರಿಚಯಿಸಿ, ದುಭಾಷಿಯಾಗಿಯೂ ನಿಂತಳು. ಬಾಲ್ಯದಿಂದ ತೋಟಗಳಲ್ಲಿ ದುಡಿದ ಜೀವ. ಅಂಗೈ ನಮ್ಮೂರಿನ ಅಡಿಕೆ ಕೊನೆಗಾರನ ಅಂಗೈಯಂತೆಯೇ ಇತ್ತು. ಪೊಂಬಾಲನ ಹೆಸರೆತ್ತಿದೊಡನೆ ಮುದುಕ ನಕ್ಕು, ಕತ್ತಿನ ಸುತ್ತ ಬೆರಳಿನಿಂದ ಒಂದು ಗೆರೆ ಎಳೆದ. 1757ರ ಫೆಬ್ರವರಿ 23ರಂದು ಪೋರ್ಟೊ ನಗರದ ಜನ ದಂಗೆಯೆದ್ದಿದ್ದರು. ನಗರದಲ್ಲಿ ದ್ರಾಕ್ಷಾರಸ ಮಾರುವ ಹಕ್ಕೂ ಹೊಸ ಕಂಪನಿಯ ಪಾಲಾಗಿ, ಸಣ್ಣಪುಟ್ಟ ಅಂಗಡಿಯವರ ಹೊಟ್ಟೆಗೆ ಕಲ್ಲು ಬಿದ್ದಿತ್ತು. ಮಂತ್ರಿ ಸೈನ್ಯವನ್ನು ಕಳಿಸಿ, ವಿಚಾರಣೆ ನಡೆಸಿ, ಹಲವರನ್ನು ಗಲ್ಲಿಗೇರಿಸಿದ. "ಇವಳು ಪುಸ್ತಕ ಓದಿದವಳು. ಕಲ್ಲಿನ ಒಳಗಿದ್ದವರ ಕಥೆ ಹೇಳುತ್ತಾಳೆ. ನಾನು ಕಲ್ಲಿನ ಹೊರಗಿನ ಹಳ್ಳಿಯವನು," ಎಂದ ಮುದುಕ.

ಒಂದೇ ಘಟನೆಗೆ ಎರಡು ಸಾಕ್ಷ್ಯಗಳು, ಎರಡೂ ಸತ್ಯ. ಇದನ್ನು ಹೀಗೆ ತರಗತಿಯಲ್ಲಿ ಹೇಳಿಕೊಡದೆ ಹೋದೆನಲ್ಲ ಎಂದು ಆ ಕ್ಷಣ ಮನಸ್ಸು ನೊಂದಿತು. ನಾನು ಹೇಳಿಕೊಟ್ಟದ್ದು ಇಸವಿಗಳನ್ನು ಮಾತ್ರ.

ಮುದುಕನೊಂದಿಗೆ ಸಣ್ಣ ದೋಣಿಯಲ್ಲಿ ನದಿಯ ಮೇಲುಭಾಗಕ್ಕೆ ಹೋದೆವು. ಈಗ ನೀರು ಕೆರೆಯಂತೆ ಶಾಂತ. 1970ರ ದಶಕದಿಂದ ಕಟ್ಟಿದ ಅಣೆಕಟ್ಟುಗಳು ಅದನ್ನು ಪಳಗಿಸಿವೆ. ಅದಕ್ಕೆ ಮುಂಚೆ ಈ ನದಿ ಬಂಡೆಗಳ ನಡುವೆ ಭೋರ್ಗರೆಯುತ್ತಿತ್ತು. 'ರಬೆಲು' ಎಂಬ ಚಪ್ಪಟೆ ತಳದ ದೋಣಿಗಳಲ್ಲಿ, ತಲಾ 550 ಲೀಟರಿನ ಪೀಪಾಯಿಗಳನ್ನು ಹೇರಿ, ಉದ್ದನೆಯ ಚುಕ್ಕಾಣಿಯೊಂದನ್ನೇ ನಂಬಿ, ಪೋರ್ಟೊದ ಎದುರುದಡದ ಗಾಯಾ ಊರಿನ ಉಗ್ರಾಣಗಳಿಗೆ ಒಯ್ಯುತ್ತಿದ್ದರು. ಬರಿದಾದ ದೋಣಿಯನ್ನು ಹಿಂದಕ್ಕೆ ತರಲು ದಡದಲ್ಲಿ ಎತ್ತುಗಳಿಂದಲೂ ಮನುಷ್ಯರಿಂದಲೂ ಎಳೆಸುತ್ತಿದ್ದರು. ಮುದುಕ ಬಾಲಕನಾಗಿದ್ದಾಗ ಇದನ್ನು ಕಂಡಿದ್ದ.

ವಲೈರಾ ಎಂಬಲ್ಲಿ ಎರಡು ಕಡೆಯೂ ಕಡಿದಾದ ಬಂಡೆ. 1780ರಿಂದ 1792ರವರೆಗೆ, ಮರಿಯಾ ರಾಣಿಯ ಕಾಲದಲ್ಲಿ, ನದಿಗೆ ಅಡ್ಡವಾಗಿದ್ದ ಬಂಡೆಯನ್ನು ಸಿಡಿಸಿ ದಾರಿ ಮಾಡಿದರೆಂದು ಬಂಡೆಯ ಮೇಲೆ ಶಾಸನವಿದೆ. ದಾರಿಯಾದರೂ ಅಪಾಯ ತಪ್ಪಿರಲಿಲ್ಲ. 1861ರ ಮೇ 12ರಂದು ಜೋಸೆಫ್ ಜೇಮ್ಸ್ ಫಾರೆಸ್ಟರ್ ಇಲ್ಲಿಯೇ ಮುಳುಗಿದ. ವ್ಯಾಪಾರಕ್ಕೆಂದು ಬಂದ ಈ ಇಂಗ್ಲಿಷನು ನದಿಯನ್ನು ಅಳೆದು ನಕ್ಷೆ ಬರೆದವನು. ಹುದುಗುತ್ತಿರುವ ರಸಕ್ಕೆ ದ್ರಾಕ್ಷಿಯ ಸಾರಾಯಿಯನ್ನು ಸುರಿದು ಹುದುಗನ್ನು ಮಧ್ಯದಲ್ಲಿಯೇ ನಿಲ್ಲಿಸಿ ಸಿಹಿಯನ್ನು ಉಳಿಸಿಕೊಳ್ಳುವ ಪದ್ಧತಿ ಸಲ್ಲದೆಂದು ಜಗಳವಾಡಿದವನು. ಇಂದು 'ಪೋರ್ಟ್' ಎಂದರೆ ಅದೇ ಪದ್ಧತಿ! ಅದೇ ದೋಣಿಯಲ್ಲಿದ್ದ ದೋನಾ ಅಂತೋನಿಯಾ ಫೆರೈರಾ ಎಂಬ ಮಹಿಳೆ ಬದುಕಿಕೊಂಡಳು. ಆಕೆಯ ಅಗಲವಾದ ಲಂಗ ಗಾಳಿ ತುಂಬಿ ತೇಲಿಸಿತೆಂದೂ, ಫಾರೆಸ್ಟರನನ್ನು ಸೊಂಟಕ್ಕೆ ಕಟ್ಟಿದ್ದ ಹಣದ ಚೀಲ ಎಳೆದೊಯ್ದಿತೆಂದೂ ಕಥೆ ಹೇಳುತ್ತಾರೆ. ಕಥೆ ನಿಜವೇ ಎಂದು ಕೇಳಿದೆ. "ಪ್ರೊಫೆಸರ್, ಅವರೊಂದಿಗೆ ದೋಣಿ ನಡೆಸುತ್ತಿದ್ದವರು ಏನಾದರೆಂದು ಯಾರೂ ಕೇಳುವುದಿಲ್ಲ," ಎಂದ ಮುದುಕ. ನಾನೂ ಕೇಳಿರಲಿಲ್ಲ.

ಹಿಂದಿರುಗುವಾಗ ಮುದುಕ ದೋಣಿಯನ್ನು ದಡಕ್ಕೆ ತಿರುಗಿಸಿ ಒಂದು ಬೆಟ್ಟದ ಕಡೆ ಕೈ ತೋರಿಸಿದ. ಅಲ್ಲಿಯೂ ಮೆಟ್ಟಿಲುಗಳಿದ್ದವು. ಆದರೆ ಬಳ್ಳಿಯಿಲ್ಲ. ಗೋಡೆಗಳು ಅಲ್ಲಲ್ಲಿ ಜರಿದು, ಕುರುಚಲು ಬೆಳೆದು, ನಡುನಡುವೆ ಕೆಲವು ಆಲಿವ್ ಮರಗಳು. ಇಂತಹ ತಾಣಗಳಿಗೆ ಅಲ್ಲಿ 'ಮೊರ್ತೋರಿಯು' ಎನ್ನುತ್ತಾರೆ. ಸತ್ತ ತೋಟ ಎನ್ನೋಣ.

ತೋಟವನ್ನು ಕೊಂದದ್ದು ಕಣ್ಣಿಗೆ ಕಾಣಿಸದಷ್ಟು ಚಿಕ್ಕ ಕೀಟ, ಫಿಲೊಕ್ಸೆರಾ. ಉತ್ತರ ಅಮೆರಿಕದಿಂದ ಗಿಡಗಳೊಂದಿಗೆ ಯೂರೋಪಿಗೆ ಬಂದು, 1860ರ ದಶಕದಲ್ಲಿ ಈ ಕಣಿವೆಯನ್ನು ಹೊಕ್ಕಿತು. ಅದು ಬೇರಿನ ರಸ ಹೀರುತ್ತದೆ. ಎಲೆ ಹಳದಿಯಾಗಿ ಬಳ್ಳಿ ಸೊರಗುತ್ತದೆ. ಕೆಲವು ವರ್ಷಗಳಲ್ಲಿ ಸಾಯುತ್ತದೆ. ಬೆಳೆಗಾರರು ಮಾಡದ ಉಪಾಯವಿಲ್ಲ. ಕೊನೆಗೆ ಪರಿಹಾರ ಬಂದದ್ದು ಅಮೆರಿಕದಿಂದಲೇ. ಅಲ್ಲಿಯ ಕಾಡುಬಳ್ಳಿಯ ಬೇರಿಗೆ ಆ ಕೀಟವನ್ನು ತಾಳಿಕೊಳ್ಳುವ ಶಕ್ತಿಯಿತ್ತು. ಅದರ ಬುಡಕ್ಕೆ ಯೂರೋಪಿನ ಬಳ್ಳಿಯನ್ನು ಕಸಿ ಕಟ್ಟಿದರು. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ಬೆಳೆದು 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ 'ಬೆಂಗಳೂರು ನೀಲಿ' ದ್ರಾಕ್ಷಿಯಲ್ಲಿಯೂ ಅಮೆರಿಕದ ಬಳ್ಳಿಯ ಅಂಶವಿದೆ ಎಂಬುದು ನೆನಪಾಯಿತು.

ಆದರೆ ಕಸಿ ಕಟ್ಟಲು ಹಣ ಬೇಕು, ಫಲಕ್ಕಾಗಿ ಕಾಯಲು ವರ್ಷಗಳು ಬೇಕು. ಇದ್ದವರು ಉಳಿದರು, ಇಲ್ಲದವರು ಮಾರಿದರು. ದೋನಾ ಅಂತೋನಿಯಾಳಂತಹ ಶ್ರೀಮಂತರು ಎಸ್ಟೇಟುಗಳನ್ನು ಬೆಳೆಸಿದರು. ಆಕೆ 1896ರಲ್ಲಿ ತೀರಿಕೊಂಡಾಗ ಈ ಕಣಿವೆಯ ಅತಿ ದೊಡ್ಡ ಒಡತಿಯರಲ್ಲಿ ಒಬ್ಬಳು. ಬಡವರಿಗೆ ಉದಾರಿಯಾಗಿದ್ದಳೆಂದು ಇಂದಿಗೂ ಜನ ನೆನೆಯುತ್ತಾರೆ. ಮಿಕ್ಕವರು ಬ್ರೆಜಿಲಿನ ಹಡಗು ಹತ್ತಿದರು. ಮುದುಕನ ಅಜ್ಜನ ಅಣ್ಣತಮ್ಮಂದಿರೂ ಹೋದವರೇ. "ನಿಮ್ಮ ಅಜ್ಜ ಏಕೆ ಉಳಿದರು?" ಎಂದೆ. "ಹಡಗಿನ ಟಿಕೀಟಿಗೆ ದುಡ್ಡು ಮೂವರಿಗೆ ಮಾತ್ರ ಇತ್ತಂತೆ," ಎಂದ. ಮುಂದೆ 1960ರ ದಶಕದಲ್ಲಿ ಮತ್ತೆ ಹಳ್ಳಿಗಳು ಬರಿದಾದವು. ತರುಣರು ಫ್ರಾನ್ಸಿಗೆ ಕೂಲಿಗೆ, ಆಫ್ರಿಕಕ್ಕೆ ಯುದ್ಧಕ್ಕೆ ಹೋದರು. ಈತನ ಅಣ್ಣ ಗೋವೆಯಲ್ಲಿ ಸಿಪಾಯಿಯಾಗಿದ್ದು, 1961ರ ಡಿಸೆಂಬರಿನಲ್ಲಿ ನಮ್ಮ ಸೈನ್ಯಕ್ಕೆ ಸೆರೆಸಿಕ್ಕಿ, ಮರುವರ್ಷ ಊರಿಗೆ ಮರಳಿದನಂತೆ. ಆ ಡಿಸೆಂಬರಿನಲ್ಲಿ ನಮ್ಮ ಶಾಲೆಯಲ್ಲಿ ಸಿಹಿ ಹಂಚಿದ್ದರು. ತಿಂದ ನೆನಪು ನನಗಿದೆ. ಹೇಳಲೋ ಬೇಡವೋ ಎಂದು ತಡವರಿಸಿ, ಹೇಳಿಯೇಬಿಟ್ಟೆ. ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀವಂತ ಕಳಿಸಿದಿರಿ, ಅಷ್ಟು ಸಾಕು," ಎಂದು ನನ್ನ ಭುಜ ತಟ್ಟಿದ.

ಇನ್ನು ನನ್ನ ಮಾತು. ಎಲೆ ಹಳದಿಯಾಯಿತು ಎಂದು ಮುದುಕ ಹೇಳಿದಾಗ ನನ್ನ ಎದೆ ಏಕೆ ಧಸಕ್ಕೆಂದಿತು ಎಂಬುದನ್ನು ಮಲೆನಾಡಿನ ಓದುಗರು ಊಹಿಸಿರಬಹುದು. ಶೃಂಗೇರಿ, ಕೊಪ್ಪದ ಕಡೆ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಖಚಿತವಾದ ಮದ್ದು ಇಂದಿಗೂ ಇಲ್ಲ. ನಮ್ಮ ತಂದೆಯ ಕಾಲದ ತೋಟ ನನ್ನ ಕಣ್ಣೆದುರಿಗೇ ಬೋಳಾಯಿತು. ಊರಿನಲ್ಲಿ ಉಳಿದ ಅಣ್ಣ ಮರ ಸತ್ತಲ್ಲೆಲ್ಲ ಮತ್ತೆ ಸಸಿ ನೆಟ್ಟು ಸೋತಿದ್ದರು. ನಾನು ಪೋರ್ಟೊಗೆ ಹೊರಡುವ ಮುನ್ನ, "ತಮ್ಮಾ, ಮಾರಿಬಿಡೋಣ, ನೀನು ಬಂದ ಮೇಲೆ ಸಹಿ ಹಾಕು," ಎಂದಿದ್ದರು. ನಾನು ಒಪ್ಪಿಕೊಂಡಿದ್ದೆ. ಸಂಬಳದ ಮನುಷ್ಯನಿಗೆ ಒಪ್ಪಿಗೆ ಸುಲಭ.

ಆ ಸತ್ತ ತೋಟದ ಎದುರಿನಲ್ಲಿ ನನಗೆ ಕಂಡದ್ದು ನಮ್ಮ ತೋಟದ ಧರೆ, ಕಪ್ಪುಗಳೇ. ಹಳ್ಳದ ಪಕ್ಕ ಕಾಡುಕಲ್ಲಿನಿಂದ ಕಟ್ಟಿದ ಗೋಡೆ ನಮ್ಮಲ್ಲಿಯೂ ಇದೆ. ಅಜ್ಜ ಕಟ್ಟಿಸಿದ್ದು ಎನ್ನುತ್ತೇವೆ. ಕಟ್ಟಿಸಿದವರು ಅಜ್ಜ, ಕಟ್ಟಿದವರು ಯಾರು? ಗಲೀಸಿಯಾದ ಕೂಲಿಯ ಹೆಸರು ಕೇಳಿ ಮಾರ್ಗದರ್ಶಿಯನ್ನು ತಬ್ಬಿಬ್ಬುಗೊಳಿಸಿದ ಮೇಷ್ಟ್ರಿಗೆ ತನ್ನ ಮನೆಯ ಗೋಡೆಯ ಚರಿತ್ರೆ ತಿಳಿದಿರಲಿಲ್ಲ.

ಊರಿಗೆ ಬಂದ ಮೇಲೆ ತೋಟವನ್ನು ಉಳಿಸಿಕೊಂಡೆವು ಎಂದು ಬರೆದರೆ ಲೇಖನಕ್ಕೆ ಶೋಭೆ. ಆದರೆ ಅದು ಸತ್ಯವಲ್ಲ. ಮೇಲಿನ ಭಾಗವನ್ನು ಮಾರಿದೆವು. ಅಣ್ಣನ ಸಾಲ ಹಾಗಿತ್ತು. ಗೋಡೆಯಿರುವ ಕೆಳಭಾಗವನ್ನು ಮಾತ್ರ ಉಳಿಸಿಕೊಂಡು, ಕಾಫಿ ಮತ್ತು ಮೆಣಸನ್ನು ಹಾಕಿದ್ದೇವೆ. ಸಹಿ ಹಾಕುವ ಮುಂಚೆ ನಾನು ಮಾಡಿದ ಕೆಲಸ ಒಂದುಂಟು. ನಮ್ಮಲ್ಲಿ ಹಿಂದೆ ದುಡಿದ ಕುಟುಂಬದ ಹಿರಿಯಜ್ಜಿಯೊಬ್ಬರ ಮನೆಗೆ ಹೋಗಿ, ಆ ಗೋಡೆ ಕಟ್ಟಿದವರು ಯಾರೆಂದು ಕೇಳಿದೆ. "ಇಷ್ಟು ವರ್ಷ ಆದಮೇಲೆ ಕೇಳ್ತೀರಲ್ಲ ಮೇಷ್ಟ್ರೇ," ಎಂದು ಅವರು ನಕ್ಕು, ನೆನಪು ಮಾಡಿಕೊಂಡು ಐದು ಹೆಸರು ಹೇಳಿದರು. ಅವರಲ್ಲಿ ಇಬ್ಬರು ಹೆಂಗಸರು. ಒಬ್ಬರು ಆ ಅಜ್ಜಿಯ ತಾಯಿ. ಐದನ್ನೂ ತೋಟದ ಕಾಗದಪತ್ರಗಳಿರುವ ಕಡತದಲ್ಲಿ, ಅಜ್ಜನ ಹೆಸರಿನ ಕೆಳಗೆ ಬರೆದಿಟ್ಟಿದ್ದೇನೆ.

ದೋರು ಕಣಿವೆಯನ್ನು 2001ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ತಾಣವೆಂದು ಸಾರಿತು. ಯಾವ ಅರಮನೆಯೂ ಇಲ್ಲದ ಕಡೆ ಸಾಮಾನ್ಯರ ಕೈಗಳು ಕಟ್ಟಿದ ಬೆಟ್ಟಕ್ಕೆ ಬಂದ ಗೌರವ ಅದು. ಬೀಳ್ಕೊಡುವಾಗ ಮುದುಕ ನನ್ನ ಕೈಗೆ ಒಂದು ಸಣ್ಣ ಸೀಸೆಯನ್ನು ಕೊಟ್ಟ. ಕುಡಿಯುವುದಿಲ್ಲವೆಂದರೂ ಬಿಡಲಿಲ್ಲ. "ಇಡಿ, ಹಳತಾದಷ್ಟೂ ಒಳ್ಳೆಯದು," ಎಂದ. ಅದು ಇಂದಿಗೂ ನನ್ನ ಪುಸ್ತಕದ ಕಪಾಟಿನಲ್ಲಿ, ಚರಿತ್ರೆಯ ಪಠ್ಯಪುಸ್ತಕಗಳ ಪಕ್ಕದಲ್ಲಿ ನಿಂತಿದೆ.